ನನ್ನ ರಕ್ತ, ನನ್ನ ಮಾರಿ

ಹೋದ ಸಂಚಿಕೆಯಲ್ಲಿ ನೀರಿನ ಟ್ಯಾಂಕರಿನ ಮೇಲೆ ನಾನು ಬರೆದುದನ್ನು ಓದಿ ಇಬ್ಬರು ವಾಚಕರು ಕಾಗದ ಹಾಕಿದ್ದಾರೆ. "ನೀರು, ಗ್ಯಾಸು, ಲೋಕಲ್ ಗಾಡಿ ಇವುಗಳ ಹೊರತು ನಿಮಗೆ ಬೇರೆ ವಿಷಯವೇ ಸಿಗುವುದಿಲ್ಲವೇ?" ಎಂಬುದು ಅವರಲ್ಲೊಬ್ಬರ ಆಕ್ಷೇಪ. ಸಿಕ್ಕಿದೆ, ಸ್ವಾಮಿ. ಈ ಸಲದ ವಿಷಯ ಮುಖ. ಅದೂ ನನ್ನದೇ ಮುಖ. ತಲೆಬರಹದಲ್ಲಿ 'ಮಾರಿ' ಎಂದಿರುವುದನ್ನು ಕಂಡು ಮೈಸೂರ ಕಡೆಯವರು ಬೆಚ್ಚಬೇಕಾಗಿಲ್ಲ. ನಮ್ಮ ಧಾರವಾಡದ ಕಡೆಗೆ ಮುಖಕ್ಕೆ ಮಾರಿ ಎಂದೇ ಹೇಳುವುದು. ವರ್ಷಕ್ಕೊಮ್ಮೆ ಊರಿಗೆ ಹೋದಾಗ, ನಾನು ಹೊಸ್ತಿಲು ದಾಟುವ ಮೊದಲೇ ನನ್ನ ಅವ್ವ ಕೇಳುವ ಪ್ರಶ್ನೆ, "ಮಾರಿ ಯಾಕ ಹಿಂಗಾಗೇದವಾ?" ಎಂಬುದು.

ಹೇಗಾಗಿದೆ ಎಂಬುದು ನನಗೂ ಗೊತ್ತು. ಮೂವತ್ತೆಂಟು ಎಂಬುದು ಹೆಣ್ಣಿಗೆ ಒಂದು ವಿಚಿತ್ರ ವಯಸ್ಸು. ಠಾಣೆಯ ನಮ್ಮ ಕಚೇರಿಯಲ್ಲಿ, ನಿವೃತ್ತಿಗೆ ಬಂದ ಹಿರಿಯ ಕಾರಕೂನರ ಎದುರಿಗೆ ನಾನಿನ್ನೂ 'ಪೋರಿ'. ಗಾಡಿಯಲ್ಲಿ ಕಾಲೇಜಿನ ಹುಡುಗಿಯರ ಎದುರಿಗೆ ನಾನು 'ಕಾಕೂ'. ಎರಡರ ನಡುವೆ ನಾನು ಯಾರು ಎಂಬುದನ್ನು ಕನ್ನಡಿ ಹೇಳಬೇಕು. ಅದು ಹೇಳುವ ಮಾತು ಕೇಳುವಂತಿಲ್ಲ. ಮಗಳು ಹುಟ್ಟಿದ ಮೇಲೆ ಎರಡೂ ಕೆನ್ನೆಯ ಮೇಲೆ ಬಂದು ಕುಳಿತ ಬಂಗು ಹದಿನಾಲ್ಕು ವರ್ಷವಾದರೂ ಎದ್ದು ಹೋಗಿಲ್ಲ. ಕಣ್ಣಿನ ಕೆಳಗೆ ಸಣ್ಣ ಸಣ್ಣ ಗೆರೆಗಳು, ಆಫೀಸಿನ ಹಳೆಯ ಕಡತದ ಅಂಚಿನಂತೆ. ಹೋದ ವೈಶಾಖದಲ್ಲಿ ಹುಬ್ಬಳ್ಳಿಯಲ್ಲಿ ತಂಗಿಯ ಮದುವೆಯಾಯಿತು. ಫೋಟೋ ಬಂದವು. ಒಂದರಲ್ಲಿ ಅವ್ವನ ಪಕ್ಕಕ್ಕೆ ಇನ್ನೊಬ್ಬ ಅವ್ವನಂಥವಳು ನಿಂತಿದ್ದಾಳೆ. ಯಾರಿವಳು ಎಂದು ನೋಡುತ್ತೇನೆ, ನನ್ನದೇ ಇಳಕಲ್ ಸೀರೆ!

ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಮಹಾಪೆಯ ಕಾರಖಾನೆಯಿಂದ ರಾತ್ರಿಯ ಪಾಳಿ ಮುಗಿಸಿ ಬಂದವರು. "ಚಲೋ ಬಂದದಲ್ಲ ಫೋಟೋ" ಎಂದು ಹೇಳಿ ಮಲಗಿಬಿಟ್ಟರು. ಗಂಡಸರು ಒಳ್ಳೆಯವರೇ; ಆದರೆ ಕಣ್ಣಿದ್ದೂ ಉಪಯೋಗಿಸುವುದಿಲ್ಲ.

ಇಂಥ ಮನಃಸ್ಥಿತಿಯಲ್ಲಿದ್ದವಳ ಕೈಗೆ ಆ ಬಣ್ಣದ ಕರಪತ್ರ ಸಿಕ್ಕಿತು. ಸಿಕ್ಕಿತು ಎಂದರೆ ತಪ್ಪು. ಕೊಟ್ಟವಳು ನನ್ನ ಗೆಳತಿ. ಅವಳ ಹೆಸರು ಬರೆಯುವುದಿಲ್ಲ. ಇದನ್ನೆಲ್ಲ ಬರೆಯಲು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ, ಹೆಸರು ಹಾಕಬಾರದೆಂಬ ಕರಾರಿನ ಮೇಲೆ. ಕಾರವಾರದವಳು. ಕಲ್ಯಾಣದಲ್ಲಿ ಹತ್ತಿ, ಡೊಂಬಿವಲಿಯಲ್ಲಿ ಹತ್ತುವ ನನಗಾಗಿ ಹೆಂಗಸರ ಡಬ್ಬಿಯಲ್ಲಿ ನಾಲ್ಕನೆಯ ಸೀಟು ಹಿಡಿದಿಟ್ಟುಕೊಂಡು ಬರುತ್ತಾಳೆ. ಮೂವರು ಕೂಡುವ ಬೆಂಚಿನ ತುದಿಯಲ್ಲಿ ಅರ್ಧ ಕುಳಿತಂತೆ ಅರ್ಧ ನಿಂತಂತೆ ಸಿಗುವ ಆ ಗೇಣು ಜಾಗದ ಬೆಲೆಯನ್ನು ಬೆಂಗಳೂರಿನವರಿಗೆ ತಿಳಿಯಹೇಳುವುದು ಕಷ್ಟ. ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಏಳು ವರ್ಷದಿಂದ ಆ ಗೇಣು ಜಾಗದ ಮೇಲೆ ನಮ್ಮ ಸ್ನೇಹ ನಡೆದು ಬಂದಿದೆ.

ಅವಳ ಮುಖ ಅಂದು ಕೆಂಪಗೆ ಹೊಳೆಯುತ್ತಿತ್ತು. "ನಿಮ್ಮದೇ ರಕ್ತ, ನಿಮ್ಮದೇ ಯೌವನ. ಹೊರಗಿನದು ಏನೂ ಇಲ್ಲ, ಅಡ್ಡ ಪರಿಣಾಮ ಇಲ್ಲವೇ ಇಲ್ಲ" ಎಂದು ಮರಾಠಿಯಲ್ಲಿ ಅಚ್ಚಾದ ಕರಪತ್ರ. ನಮ್ಮ ತೋಳಿನಿಂದ ರಕ್ತ ತೆಗೆಯುವುದು, ಅದರೊಳಗಿನ ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾವನ್ನು ಬೇರೆ ಮಾಡುವುದು, ಅದನ್ನು ಮುಖಕ್ಕೆ ಸೂಜಿಯಿಂದ ಇಳಿಸುವುದು. ಪಿ.ಆರ್.ಪಿ. ಎಂದು ಅದಕ್ಕೆ ಚುಟುಕು ಹೆಸರು. ಮೂರು ಸಲಕ್ಕೆ ಹದಿನೈದು ಸಾವಿರ ರೂಪಾಯಿ; ನಾಲ್ವರು ಕೂಡಿ ಬಂದರೆ ತಲೆಗೆ ಹನ್ನೆರಡು ಸಾವಿರ. ಗೆಳತಿಗೆ ಆಗಲೇ ಒಂದು ಸಲ ಆಗಿತ್ತು. ಮೂವರನ್ನು ಕೂಡಿಸಿದ್ದಳು. ನಾಲ್ಕನೆಯ ಸೀಟು ಇಲ್ಲಿಯೂ ನನ್ನದೇ!

ನಾನು ಕೂಡಲೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಂದು ಠಾಣೆ ಬರುವ ತನಕ ನನ್ನ ಕಣ್ಣು ಆ ಒಂದು ಶಬ್ದದ ಮೇಲೆ ನಿಂತಿತ್ತು. ಪ್ಲೇಟ್‌ಲೆಟ್. ಆ ಶಬ್ದ ನಮ್ಮ ಮನೆಗೆ ಹೊಸದಲ್ಲ.

ಎರಡು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ, ಗಣಪತಿ ಕಳಿಸಿದ ಮರುವಾರ, ನನ್ನ ಮಗಳಿಗೆ ಡೆಂಗ್ಯೂ ಆಯಿತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಸಾಸಿವೆ ಕಾಳಿನಷ್ಟೂ ಅಲ್ಲದ ಹನಿಯಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದ ತನಕ ಪ್ಲೇಟ್‌ಲೆಟ್ ಇರಬೇಕಂತೆ. ಮಗಳಿಗೆ ಮೊದಲ ದಿನ ತೊಂಬತ್ತು ಸಾವಿರ, ಮರುದಿನ ನಲವತ್ತು, ನಾಲ್ಕನೆಯ ದಿನ ಹನ್ನೊಂದು ಸಾವಿರ. ಹಲ್ಲಿನ ಒಸಡಿನಿಂದ ರಕ್ತ ಬರಹತ್ತಿತು. ದಿನವಿಡೀ ಅಂಕೆ ಬರೆದು ಹೊಟ್ಟೆ ಹೊರೆಯುವ ನಾನು ಅಂಕೆಗೆ ಅಷ್ಟು ಹೆದರಿದ್ದು ಅದೇ ಮೊದಲು. ರಾತ್ರಿ ಹನ್ನೊಂದಕ್ಕೆ ನಮ್ಮ ಸಂಘದವರೊಬ್ಬರು ಫೋನು ಮಾಡಿ ಕಲ್ಯಾಣದ ಹೋಟೆಲೊಂದರಲ್ಲಿ ಕೆಲಸ ಮಾಡುವ ಕುಂದಾಪುರದ ಹುಡುಗನನ್ನು ಕಳಿಸಿದರು. ಒಂದು ತೋಳಿಗೆ ನಳಿಗೆ ಹಾಕಿಸಿಕೊಂಡು ಅವನು ಒಂದು ತಾಸಿಗೂ ಮಿಕ್ಕಿ ಕುಳಿತ. ಯಂತ್ರ ಅವನ ರಕ್ತ ತೆಗೆದುಕೊಂಡು, ಪ್ಲೇಟ್‌ಲೆಟ್ಟನ್ನು ಮಾತ್ರ ಇಟ್ಟುಕೊಂಡು, ಉಳಿದುದನ್ನು ಅವನಿಗೇ ತಿರುಗಿ ಕೊಡುತ್ತಿತ್ತು. ಕಡೆಗೆ ಚೀಲದಲ್ಲಿ ಕೂಡಿದ್ದು ತೊಗರಿಬೇಳೆ ಸಾರಿನ ಮೇಲಿನ ತಿಳಿಯಂಥ ಹಳದಿ ನೀರು. ರಕ್ತ ಕೆಂಪು ಎಂದು ತಿಳಿದಿದ್ದ ನನಗೆ ಅದು ಸೋಜಿಗವೆನಿಸಿತು. ಆ ಹಳದಿ ನೀರನ್ನು ಶೀತಪೆಟ್ಟಿಗೆಯಲ್ಲಿ ಇಡುವಂತಿಲ್ಲ. ೨೦ರಿಂದ ೨೪ ಡಿಗ್ರಿ ಉಷ್ಣತೆಯಲ್ಲಿ, ಮೆಲ್ಲಗೆ ತೂಗಾಡುವ ಹಲಗೆಯ ಮೇಲೆ, ಕೂಸಿನ ತೊಟ್ಟಿಲು ತೂಗಿದಂತೆ ತೂಗುತ್ತಲೇ ಇರಬೇಕು. ಅಷ್ಟು ಮಾಡಿದರೂ ಐದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಚೀಲದ ಮೇಲೆ ಚೀಟಿ, ಚೀಟಿಯ ಮೇಲೆ ಸಂಖ್ಯೆ, ಸಂಖ್ಯೆಗೆ ಸಹಿ, ಆ ಸಹಿ ನೋಡಿ ಇನ್ನೊಬ್ಬರ ಸಹಿ. ಆಗ ಅದು ಸರಕಾರಿ ಕಚೇರಿಗಿಂತ ಅತಿಯಾಯಿತೆಂದು ನನಗೆ ಸಿಟ್ಟು ಬಂದಿತ್ತು. ಈಗ ಆ ಸಿಟ್ಟನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮಗಳು ಬದುಕಿದಳು. ಈಗ ಎಂಟನೆಯ ಇಯತ್ತೆಯಲ್ಲಿದ್ದಾಳೆ, ನನಗೇ ಎದುರು ಮಾತಾಡುತ್ತಾಳೆ. ಅದಕ್ಕೇ, ಮಗುವಿನ ಜೀವ ಹಿಡಿದು ನಿಲ್ಲಿಸಿದ ವಸ್ತು ತಾಯಿಯ ಕೆನ್ನೆಯನ್ನಾದರೂ ನೆಟ್ಟಗೆ ಮಾಡಲಾರದೇ ಎಂದು ನನ್ನ ಮನಸ್ಸು ತರ್ಕ ಹೂಡಿತು. ಆಸೆಗೆ ತರ್ಕ ಸಿಕ್ಕರೆ ಕೇಳಬೇಕೇ!

ಮಗಳ ಸಹಾಯದಿಂದ ಕಂಪ್ಯೂಟರಿನಲ್ಲಿ ಓದಹತ್ತಿದೆ. ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡವಳಾದ್ದರಿಂದ ಎಲ್ಲವನ್ನೂ ಮೊದಲಿನಿಂದ ಹುಡುಕುವ ಚಟ. ಪ್ಲೇಟ್‌ಲೆಟ್ಟಿನ ಕೆಲಸವನ್ನು ಮೊದಲು ತಿಳಿಸಿಕೊಟ್ಟವನು ಇಟಲಿಯ ಟ್ಯೂರಿನ್ ಪಟ್ಟಣದ ಜೂಲಿಯೋ ಬಿಝೋಜೆರೋ ಎಂಬ ವೈದ್ಯ, ೧೮೮೨ರಲ್ಲಿ. ರಕ್ತನಾಳಕ್ಕೆ ಗಾಯವಾದ ಕಡೆಗೆ ಈ ಕಿರುಬಿಲ್ಲೆಗಳು ಓಡಿ ಹೋಗಿ ಅಂಟಿಕೊಂಡು ತೂತು ಮುಚ್ಚುತ್ತವೆ. ಒಂದೊಂದರ ಆಯುಷ್ಯ ಏಳೆಂಟು ದಿನ, ಬಹಳವಾದರೆ ಹತ್ತು. ಆದರೆ ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ಬುತ್ತಿಗಳಿವೆ. ಗಾಯದ ಜಾಗಕ್ಕೆ ಬಂದ ಮೇಲೆ ಬುತ್ತಿ ಬಿಚ್ಚುತ್ತದೆ. ಒಳಗಿರುವ ಬೆಳವಣಿಗೆಯ ಅಂಶಗಳು ಸುತ್ತಲಿನ ಜೀವಕೋಶಗಳನ್ನು ಎಬ್ಬಿಸಿ 'ಏಳಿ, ಕಟ್ಟಿರಿ' ಎಂದು ಕೆಲಸಕ್ಕೆ ಹಚ್ಚುತ್ತವೆ. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಂಬ ನಾರನ್ನು ನೇಯುವ ಕೋಶಗಳೂ ಆಗ ಏಳುತ್ತವೆ. ವಯಸ್ಸಾದಂತೆ, ಬಿಸಿಲು ಬಿದ್ದಂತೆ, ಈ ನಾರು ಸಡಿಲಾಗುವುದರಿಂದಲೇ ಗೆರೆ ಮೂಡುವುದು. ಇಷ್ಟರ ಮಟ್ಟಿಗೆ ಮಾತು ಸುಳ್ಳಲ್ಲ.

ಈ ಗುಣವನ್ನು ಕಂಡ ವೈದ್ಯರು ಮೊದಲು ಅದನ್ನು ಮುಖದ ಚೆಲುವಿಗೆ ಉಪಯೋಗಿಸಲಿಲ್ಲ. ೧೯೯೮ರಲ್ಲಿ ಅಮೆರಿಕೆಯ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು ದವಡೆಯ ಎಲುಬು ಕಸಿ ಮಾಡುವಾಗ ಇದನ್ನು ಹಾಕಿ ಎಲುಬು ಬೇಗ ಕೂಡುವುದನ್ನು ತೋರಿಸಿದರು. ಅಲ್ಲಿಂದ ಆಟಗಾರರ ಮೊಣಕಾಲಿಗೆ, ಬೋಳುತಲೆಗೆ, ಕೊನೆಗೆ ಕೆನ್ನೆಗೆ. ೨೦೧೩ರಲ್ಲಿ ಕಿಮ್ ಕಾರ್ಡಾಷಿಯನ್ ಎಂಬ ಅಮೆರಿಕೆಯ ದೂರದರ್ಶನ ತಾರೆ ರಕ್ತ ಮೆತ್ತಿದ ತನ್ನ ಮುಖದ ಫೋಟೋವನ್ನು ಲೋಕಕ್ಕೆಲ್ಲ ತೋರಿಸಿದಳು. 'ರಕ್ತಪಿಶಾಚಿ ಫೇಶಿಯಲ್' ಎಂಬ ಹೆಸರಿನಿಂದ ಅದು ಮನೆಮಾತಾಯಿತು. ಆ ಪುಣ್ಯಾತ್ಗಿತ್ತಿ ಐದು ವರ್ಷದ ಮೇಲೆ, ಬಹಳ ನೋವಾಯಿತು, ಇನ್ನೊಮ್ಮೆ ಮಾಡಿಸಿಕೊಳ್ಳುವುದಿಲ್ಲ ಎಂದು ಹೇಳಿದಳು. ಆ ಮಾತು ಮಾತ್ರ ಯಾವ ಕರಪತ್ರದಲ್ಲಿಯೂ ಅಚ್ಚಾಗಲಿಲ್ಲ. ನಮ್ಮ ದೇವೀಪುರಾಣದಲ್ಲಿ ರಕ್ತಬೀಜಾಸುರನಿದ್ದಾನೆ. ಹನಿ ರಕ್ತ ಬಿದ್ದಲ್ಲೆಲ್ಲ ಹೊಸ ರಕ್ತಬೀಜ ಏಳುತ್ತಿದ್ದ. ನನ್ನ ಒಂದು ಹನಿಯಿಂದ ಇಪ್ಪತ್ತರ ನಾನು ಎದ್ದು ಬಂದರೆ ಮಗಳು ಅವಳನ್ನೂ ಕಾಕೂ ಎಂದಾಳೇ, ಅಕ್ಕಾ ಎಂದಾಳೇ ಎಂದು ಯೋಚಿಸುತ್ತ ಆ ರಾತ್ರಿ ನಿದ್ದೆ ಹೋದೆ.

ಶನಿವಾರ ಗೆಳತಿಯೊಡನೆ ಹೋದೆ. ಎರಡು ಸಾವಿರ ಮುಂಗಡ ಕೊಟ್ಟಾಗಿತ್ತು. ಯಾವ ಊರಿನ ಯಾವ ಪಾರ್ಲರು ಎಂಬುದು ಬೇಡ. ಠಾಣೆಯಿಂದ ಕಲ್ಯಾಣದ ತನಕ, ಆಚೆ ವಾಶಿ, ನೇರೂಳ, ಖಾರಘರದ ತನಕ ಇಂಥವು ಸಾಲಾಗಿವೆ. ತಂಪು ಗಾಳಿ, ಗುಲಾಬಿ ಗೋಡೆ, ಪ್ಲಾಸ್ಟಿಕ್ಕಿನ ಹೂವು. ಕೂದಲಿಗೆ ಉಗಿ ಕೊಡುವ ಯಂತ್ರದ ಪಕ್ಕಕ್ಕೆ ಪುಟ್ಟದೊಂದು ಡಬ್ಬಿ ಗುಂಯ್ ಎಂದು ತಿರುಗುತ್ತಿತ್ತು. ರಕ್ತವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಗರಗರ ತಿರುಗಿಸಿದರೆ ಭಾರವಾದ ಕೆಂಪು ಕಣಗಳು ತಳಕ್ಕೆ ಇಳಿದು ಹಳದಿ ತಿಳಿ ಮೇಲೆ ನಿಲ್ಲುತ್ತದೆ. ನಮ್ಮ ಮಜ್ಜಿಗೆ ಕಡೆಯುವ ಕೆಲಸವೇ, ಕಡೆಗೋಲು ಮಾತ್ರ ವಿದ್ಯುತ್ತಿನದು. ಮೊದಲು ಮೆಲ್ಲಗೆ ಒಮ್ಮೆ, ಆಮೇಲೆ ಜೋರಾಗಿ ಒಮ್ಮೆ ತಿರುಗಿಸಿ, ತಿಳಿಯ ಕೆಳಭಾಗದಲ್ಲಿ ಕೂಡುವ ಪ್ಲೇಟ್‌ಲೆಟ್ಟನ್ನು ಎತ್ತಿಕೊಳ್ಳುತ್ತಾರೆ. ಆಮೇಲೆ ಸಣ್ಣ ಸಣ್ಣ ಸೂಜಿಗಳ ಉರುಳೆಯನ್ನು ಕೆನ್ನೆಯ ಮೇಲೆ ಹೊಲಕ್ಕೆ ಕೂರಿಗೆ ಹೊಡೆದಂತೆ ಹೊಡೆದು, ಆ ಸಾಲುಗಳಲ್ಲಿ ಇದನ್ನು ಬಿತ್ತುವುದು.

ನನಗಿಂತ ಮೊದಲಿನವಳು ಒಳಗೆ ಮಲಗಿದ್ದಳು. ಗೆಳತಿಯ ತೋಳಿನಿಂದ ರಕ್ತ ತೆಗೆದದ್ದಾಗಿತ್ತು. ಇನ್ನೊಬ್ಬಳದೂ ಆಗಿತ್ತು. ಮೇಜಿನ ಮೇಲಿನ ಚೌಕಟ್ಟಿನಲ್ಲಿ ನಾಲ್ಕು ನಳಿಗೆಗಳು ನಿಂತಿದ್ದವು. ಒಂದರ ಮೇಲೂ ಹೆಸರಿಲ್ಲ, ನಂಬರಿಲ್ಲ.

ಇಪ್ಪತ್ತು ವರ್ಷದೊಳಗಿನ ಒಬ್ಬ ಹುಡುಗಿ ನನ್ನ ತೋಳಿಗೆ ಪಟ್ಟಿ ಕಟ್ಟಲು ಬಂದಳು. ನಾನು ಕೇಳಿದೆ: "ಇವುಗಳಲ್ಲಿ ಯಾವುದು ಯಾರದು?"

"ಇದು ಅವರದು" ಎಂದು ಒಂದನ್ನು ತೋರಿಸಿದಳು. ಆಮೇಲೆ ಸ್ವಲ್ಪ ತಡೆದು, "ಅಲ್ಲ, ಅದು" ಎಂದಳು.

ಓದುಗರೇ, ಹದಿಮೂರು ವರ್ಷ ನಾನು ಆವಕ–ಜಾವಕದ ಮೇಜಿನ ಮೇಲೆ ಕುಳಿತವಳು. ನಂಬರಿಲ್ಲದ ಕಾಗದ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತು. ಒಬ್ಬರ ಕಡತ ಇನ್ನೊಬ್ಬರ ಕಡತದಲ್ಲಿ ಸೇರಿದರೆ ಮೂರು ತಿಂಗಳಿಗಾದರೂ ಸಿಕ್ಕೀತು. ಒಬ್ಬರ ರಕ್ತ ಇನ್ನೊಬ್ಬರ ಕೆನ್ನೆಯಲ್ಲಿ ಸೇರಿದರೆ ಹುಡುಕುವುದೆಲ್ಲಿ? "ಡಾಕ್ಟರು ಯಾವಾಗ ಬರುತ್ತಾರೆ?" ಎಂದೆ. "ಮ್ಯಾಡಮ್ಮೇ ಎಲ್ಲ ಮಾಡುತ್ತಾರೆ, ಕೋರ್ಸ್ ಮಾಡಿದ್ದಾರೆ" ಎಂದಳು. ಗೋಡೆಯ ಮೇಲೆ ಆ ಕೋರ್ಸಿನ ಪ್ರಮಾಣಪತ್ರ, ಚಿನ್ನದ ಚೌಕಟ್ಟಿನಲ್ಲಿ. ಅದರ ಕೆಳಗೆ ಒಂದೇ ಒಂದು ಕಸದ ಬುಟ್ಟಿ; ಅದರಲ್ಲಿ ಕೂದಲು, ಚಹದ ಕಾಗದದ ಕಪ್ಪು, ರಕ್ತ ಹತ್ತಿದ ಹತ್ತಿ. ೨೦೧೬ರ ನಿಯಮದಂತೆ ರಕ್ತದ ಹತ್ತಿ ಹಳದಿ ಚೀಲಕ್ಕೆ, ಸೂಜಿ ಚುಚ್ಚಲಾಗದ ಬಿಳಿ ಡಬ್ಬಿಗೆ ಹೋಗತಕ್ಕದ್ದು ಎಂಬುದನ್ನು ಮಗಳ ಕಾಯಿಲೆಯ ದಿನಗಳಲ್ಲಿ ಆಸ್ಪತ್ರೆಯ ಗೋಡೆಯ ಮೇಲೆ ನೂರು ಸಲ ಓದಿದ್ದೆ. ಆಗ ಬೇರೆ ಏನು ಓದಲಿಕ್ಕಿತ್ತು?

ಪಟ್ಟಿ ಬಿಚ್ಚಿ ಎದ್ದು ನಿಂತೆ. ಗೆಳತಿಗೂ ಏಳೆಂದೆ. ಅವಳು ಏಳಲಿಲ್ಲ. ಎಲ್ಲರೆದುರು ತನ್ನ ಮಾನ ಕಳೆದೆನೆಂದು ಕೊಂಕಣಿಯಲ್ಲಿ ಎರಡು ಮಾತು ಬೈದಳು. ಅವಳಿಗೆ ಸಿಟ್ಟು ಬಂದಾಗಿನ ಭಾಷೆ ಅದು. ಮುಂಗಡ ಹೋಯಿತು, ನಾಲ್ಕನೆಯ ಸೀಟೂ ಹೋಯಿತು. ಸೋಮವಾರದಿಂದ ಡೊಂಬಿವಲಿಯಿಂದ ಠಾಣೆಯ ತನಕ ಕಂಬಿ ಹಿಡಿದು ನಿಂತೇ ಹೋದೆ. ಅವಳು ನಮ್ಮ ಡಬ್ಬಿಯನ್ನೇ ಬಿಟ್ಟು ಮುಂದಿನ ಡಬ್ಬಿಗೆ ಹತ್ತಹತ್ತಿದಳು.

ಆದರೂ ಆಸೆ ಸಾಯಲಿಲ್ಲವೆಂದರೆ ನಂಬುವಿರಾ? ಪಾರ್ಲರು ಕೆಟ್ಟದ್ದಾದರೆ ಪ್ಲಾಸ್ಮಾ ಕೆಟ್ಟದ್ದೇ ಎಂದು ಮನಸ್ಸು ವಾದಿಸಿತು. ಠಾಣೆಯಲ್ಲಿ ಚರ್ಮದ ತಜ್ಞೆಯೊಬ್ಬರ ಬಳಿಗೆ ಹೋದೆ. ಫೀಸು ಎಂಟುನೂರು. ಬಾಗಿಲ ಮೇಲೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನ ನೋಂದಣಿ ಸಂಖ್ಯೆ ಇತ್ತು. ಒಳಗೆ ಹೋಗುವ ಮೊದಲು ಅದನ್ನು ಫೋನಿನಲ್ಲಿ ತಾಳೆ ನೋಡಿಯೇ ಹೋದೆ. ಇದೊಂದು ಕೆಲಸ ಎರಡು ನಿಮಿಷದ್ದು, ಹಣ ಬೀಳುವುದಿಲ್ಲ. ನೋಂದಣಿಯಿಲ್ಲದವರು ವೈದ್ಯ ಮಾಡುವುದನ್ನು ೧೯೬೧ರ ಮಹಾರಾಷ್ಟ್ರ ವೈದ್ಯವೃತ್ತಿಯ ಕಾಯಿದೆ ಎಂದೋ ನಿಷೇಧಿಸಿದೆ. ಕಾಯಿದೆಗಳಿಗೇನು, ನಮ್ಮ ಕಚೇರಿಯ ಕಪಾಟಿನ ತುಂಬ ಇವೆ.

ಆ ತಜ್ಞೆ ನನ್ನ ಕೆನ್ನೆಯನ್ನು ದೀಪ ಹಿಡಿದು ನೋಡಿ, ಬಂಗಿಗೆ ಪಿ.ಆರ್.ಪಿ. ಮೊದಲ ಮದ್ದಲ್ಲ ಎಂದರು. ಬಂಗಿನ ಮೊದಲ ಶತ್ರು ಬಿಸಿಲು. ದಿನಾಲು ಬಿಸಿಲು ತಡೆಯುವ ಮುಲಾಮು ಹಚ್ಚದೆ ಬೇರೆ ಏನು ಮಾಡಿದರೂ ಸೋರುವ ಕೊಡಕ್ಕೆ ನೀರು ಹೊತ್ತಂತೆ. ಮೊಡವೆಯ ಕುಳಿಗಳಿದ್ದವರಿಗೆ ಸೂಜಿಯ ಉರುಳೆಯ ಜೊತೆಗೆ ಪ್ಲಾಸ್ಮಾ ಕೊಟ್ಟರೆ ಸ್ವಲ್ಪ ಗುಣ ಕಾಣುವುದುಂಟು. ಗೆರೆಗಳ ಮಟ್ಟಿಗೆ "ನೋಡಿ, ಕೆಲವರಿಗೆ ಚರ್ಮ ಮೆತ್ತಗಾದಂತೆ ಅನಿಸುತ್ತದೆ. ಮುಖ ಬದಲಾಗುವುದಿಲ್ಲ" ಎಂದರು. ತಯಾರಿಸುವ ಕ್ರಮ ಕೂಡ ಎಲ್ಲೆಡೆಗೂ ಒಂದೇ ಅಲ್ಲವಂತೆ. ಸಾಯನ್ನಿನ ಲೋಕಮಾನ್ಯ ತಿಳಕ ಆಸ್ಪತ್ರೆಯ ಚರ್ಮ ವಿಭಾಗದ ರಚಿತಾ ಧುರತ್ ಮತ್ತು ಸುಕೇಶ್ ಎಂಬ ವೈದ್ಯರಿಬ್ಬರು ೨೦೧೪ರಲ್ಲಿ ಈ ತಯಾರಿಕೆಯ ಮೇಲೆಯೇ ದೊಡ್ಡ ಲೇಖನ ಬರೆದಿದ್ದಾರೆ. ಎಷ್ಟು ವೇಗ, ಎಷ್ಟು ನಿಮಿಷ, ಎಷ್ಟು ಸಲ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ವೇಗ ಹೆಚ್ಚಾದರೆ ಪ್ಲೇಟ್‌ಲೆಟ್ ಅಲ್ಲಿಯೇ ಒಡೆದು ಬುತ್ತಿ ಚೆಲ್ಲಿಕೊಂಡೀತು; ಕಡಿಮೆಯಾದರೆ ಬರೀ ಹಳದಿ ನೀರು ಕೆನ್ನೆಗೆ ಹೋದೀತು. ನೋಡಲಿಕ್ಕೆ ಎರಡೂ ಒಂದೇ ಬಣ್ಣ.

ಚಿಕಾಗೋ ಪಟ್ಟಣದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ವಿಷಯವನ್ನೂ ಅವರೇ ಹೇಳಿದರು. ಇಪ್ಪತ್ತೇಳು ಮಂದಿ. ಪ್ರತಿಯೊಬ್ಬರ ಒಂದು ಕೆನ್ನೆಗೆ ಪ್ಲಾಸ್ಮಾ, ಇನ್ನೊಂದು ಕೆನ್ನೆಗೆ ಬರೀ ಉಪ್ಪುನೀರು. ಯಾವ ಕೆನ್ನೆಗೆ ಯಾವುದು ಎಂಬುದು ಅವರಿಗೂ ಗೊತ್ತಿಲ್ಲ, ನೋಡುವ ತಜ್ಞರಿಗೂ ಗೊತ್ತಿಲ್ಲ. ಆರು ತಿಂಗಳ ಮೇಲೆ ಕೇಳಿದರೆ, ಚುಚ್ಚಿಸಿಕೊಂಡವರು ಪ್ಲಾಸ್ಮಾದ ಕೆನ್ನೆಯೇ ಹೆಚ್ಚು ನುಣುಪಾಗಿದೆ ಎಂದರು. ತಜ್ಞರಿಗೆ ಎರಡೂ ಕೆನ್ನೆಗಳಲ್ಲಿ ಭೇದ ಕಾಣಲಿಲ್ಲ.

ಈ ಫಲಿತಾಂಶದ ಮೇಲೆ ನಾನು ಬಹಳ ದಿನ ಯೋಚಿಸಿದ್ದೇನೆ. ಯಾವ ಕೆನ್ನೆಗೆ ಯಾವುದು ಹೋಗಿದೆ ಎಂದು ತಿಳಿಯದೆಯೇ ಅವರು ಸರಿಯಾದುದನ್ನು ತೋರಿಸಿದರೆಂದ ಮೇಲೆ ಇದು ಬರೀ ಭ್ರಮೆಯೆಂದು ಅಲ್ಲಗಳೆಯುವಂತಿಲ್ಲ. ತನ್ನ ಬೆರಳಿಗೆ ತನ್ನ ಕೆನ್ನೆ ತಿಳಿಯುವಷ್ಟು ಪರರ ಕಣ್ಣಿಗೆ ತಿಳಿಯದು. ಆದರೆ ನಾನು ಹನ್ನೆರಡು ಸಾವಿರ ಕೊಡಹೊರಟಿದ್ದು ಬೆರಳಿಗಾಗಿ ಅಲ್ಲವಲ್ಲ! ಹುಬ್ಬಳ್ಳಿಯ ಫೋಟೋದವನ ಕಣ್ಣಿಗಾಗಿ, ಗಾಡಿಯ ಹುಡುಗಿಯರ ಕಣ್ಣಿಗಾಗಿ, ರಾತ್ರಿಪಾಳಿಯಿಂದ ಬಂದು ನಿದ್ದೆಗಣ್ಣಿನಲ್ಲಿ ನೋಡುವವರ ಕಣ್ಣಿಗಾಗಿ. ಮುಖ ನೋಡಿ ಮಣೆ ಹಾಕುವವರಿಗೆ ಕಾಣದ ಚೆಲುವಿಗೆ ನಾನೇಕೆ ಪಡಿಪಾಟಲು ಬೀಳಲಿ?

ಏಳುವ ಹೊತ್ತಿಗೆ ಆ ತಜ್ಞೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ರಕ್ತಪರೀಕ್ಷೆಗೆ ಬರೆದುಕೊಟ್ಟರು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಆರು ಬಂತು. ಹನ್ನೆರಡಾದರೂ ಇರತಕ್ಕದ್ದು. "ಮೊದಲು ರಕ್ತ ಮಾಡಿಕೊಳ್ಳಿ, ಆಮೇಲೆ ಅದನ್ನು ಮುಖಕ್ಕೆ ಹಚ್ಚುವ ಮಾತು" ಎಂದು ನಕ್ಕರು. ನನಗೆ ನಗೆಯೂ ಬಂತು, ನಾಚಿಕೆಯೂ ಆಯಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯವರು. ಆ ಐವತ್ತೇಳರಲ್ಲಿ ನಾನೊಬ್ಬಳು. ಕಣ್ಣ ಕೆಳಗಿನ ಕಪ್ಪು, ಸಂಜೆಯಾದರೆ ಇಳಿಬೀಳುವ ಮುಖ, ಸ್ಟೇಶನ್ನಿನ ಸೇತುವೆ ಹತ್ತುವಾಗಿನ ಏದುಸಿರು, ಇವೆಲ್ಲ ವಯಸ್ಸು ಎಂದು ತಿಳಿದಿದ್ದೆ. ಪಾರ್ಲರಿನಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ. ಅವ್ವ ಮಾತ್ರ ವರ್ಷಾ ವರ್ಷಾ ಕೇಳುತ್ತಲೇ ಇದ್ದಳು, "ಮಾರಿ ಯಾಕ ಹಿಂಗಾಗೇದವಾ" ಎಂದು. ಸುದ್ದಿ ತಿಳಿದೊಡನೆ ಎರಡು ಸೇರು ಅಳವಿ ಕಳಿಸಿದ್ದಾಳೆ. ನಾನು ಗುಳಿಗೆಯನ್ನೂ ನುಂಗುತ್ತಿದ್ದೇನೆ, ಅಳವಿ ಉಂಡಿಯನ್ನೂ ತಿನ್ನುತ್ತಿದ್ದೇನೆ. ಯಾವುದರಿಂದ ಗುಣವಾಯಿತೆಂದು ಮುಂದೆ ಜಗಳವಾಗುವುದು ನಿಶ್ಚಯ.

ವಿಷಯ ಇಲ್ಲಿಗೇ ಮುಗಿದಿದ್ದರೆ ನಗುನಗುತ್ತ ಬರೆದು ಮುಗಿಸಬಹುದಾಗಿತ್ತು.

ಓದುತ್ತ ಓದುತ್ತ ಇನ್ನೊಂದು ಸಂಗತಿ ಸಿಕ್ಕಿತು. ಅಮೆರಿಕೆಯ ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿ ಎಂಬ ಊರು. ೨೦೧೮ರಲ್ಲಿ ಅಲ್ಲಿಯ ಒಬ್ಬ ಹೆಂಗಸಿಗೆ ಎಚ್.ಐ.ವಿ. ಇದೆಯೆಂದು ತಿಳಿಯಿತು. ಅವಳಿಗೆ ಅದು ಬರುವ ಬೇರಾವ ದಾರಿಯೂ ಕಾಣಲಿಲ್ಲ. ಒಂದು ಸ್ಪಾದಲ್ಲಿ ಇದೇ ರಕ್ತದ ಫೇಶಿಯಲ್ ಮಾಡಿಸಿಕೊಂಡಿದ್ದಳು. ಅಧಿಕಾರಿಗಳು ಹೋಗಿ ನೋಡಿದರೆ ಅಡಿಗೆಮನೆಯ ಕಟ್ಟೆಯ ಮೇಲೆ ಹೆಸರು ಬರೆಯದ ರಕ್ತದ ನಳಿಗೆಗಳು. ಶೀತಪೆಟ್ಟಿಗೆಯಲ್ಲಿ ಊಟದ ಪದಾರ್ಥದ ಜೊತೆಗೆ ಇನ್ನಷ್ಟು. ಡ್ರಾಯರಿನಲ್ಲಿ ಹೊದಿಕೆಯಿಲ್ಲದ ಸಿರಿಂಜುಗಳು. ಅದೇ ವರ್ಷ ಸ್ಪಾ ಮುಚ್ಚಿತು. ನಡೆಸುತ್ತಿದ್ದವಳಿಗೆ ವೈದ್ಯ ಪರವಾನಗಿಯೇ ಇರಲಿಲ್ಲ. ೨೦೨೨ರಲ್ಲಿ ತಪ್ಪೊಪ್ಪಿಕೊಂಡು ಮೂರೂವರೆ ವರ್ಷದ ಸಜೆಗೆ ಹೋದಳು. ಅಮೆರಿಕ ಸರಕಾರದ ರೋಗನಿಯಂತ್ರಣ ಕೇಂದ್ರ ೨೦೨೪ರ ಏಪ್ರಿಲಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮೂವರು ಹೆಂಗಸರಿಗೆ ಆ ಸ್ಪಾದಿಂದಲೇ ಸೋಂಕು ತಗಲಿರುವುದು ಬಹುಮಟ್ಟಿಗೆ ನಿಜ.

ಹೆಸರು ಬರೆಯದ ನಳಿಗೆಗಳು ಎಂಬಲ್ಲಿಗೆ ಬಂದಾಗ ನನ್ನ ಕೈಕಾಲು ತಣ್ಣಗಾದವು. 'ನಿಮ್ಮದೇ ರಕ್ತ' ಎಂಬುದು ಆ ಕರಪತ್ರದ ಬಂಡವಾಳ. ನನ್ನ ರಕ್ತ ನನಗೆ ಅಪಾಯವಲ್ಲ, ನಿಜ. ಆದರೆ ಅದು ನನ್ನದೇ ಎಂದು ಹೇಳುವವರು ಯಾರು? ಚೀಟಿ ಹೇಳಬೇಕು. ಅಂದು ರಾತ್ರಿ ಮಗಳ ಚೀಲದ ಮೇಲೆ ಎರಡು ಸಹಿ ಮಾಡಿಸಿದ ಆ ನಿದ್ದೆಗೆಟ್ಟ ತಂತ್ರಜ್ಞನ ಮೇಲೆ ನಾನು ರೇಗಿದ್ದು ನೆನಪಾಯಿತು.

ಗೆಳತಿಗೆ ಎರಡು ಸಲ ಆಗಿತ್ತು.

ಹೇಳುವುದೋ ಬಿಡುವುದೋ ಎ‍ಂದು ನಾಲ್ಕು ದಿನ ತೊಳಲಾಡಿದೆ. ಮಾತು ಬಿಟ್ಟವಳಿಗೆ ಹೋಗಿ, ನಿನಗೆ ಇಂಥ ರೋಗ ಬಂದಿರಬಹುದು ಎಂದು ಹೇಳುವುದು ಹೇಗೆ? ನಮ್ಮಲ್ಲಿ ಆ ರೋಗದ ಹೆಸರಿಗೇ ಮೈಲಿಗೆ. ಅವಳ ಮನೆಯಲ್ಲಿ ಅತ್ತೆಯಿದ್ದಾರೆ, ಮೈದುನನಿದ್ದಾನೆ. ಕಡೆಗೆ ಒಂದು ಬೆಳಗ್ಗೆ ಅವಳ ಡಬ್ಬಿಗೇ ಹತ್ತಿ, ಜನರ ನಡುವೆ ತೂರಿಕೊಂಡು ಹೋಗಿ, ಕನ್ನಡದಲ್ಲಿ ಹೇಳಿದೆ. ಆ ಡಬ್ಬಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಎಂಬ ಧೈರ್ಯದಿಂದ. ಪರದೇಶದಲ್ಲಿ ತಾಯ್ನುಡಿಗೆ ಇದೂ ಒಂದು ಉಪಯೋಗ. ಅವಳು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಳು. ದಿವಾ ಹೋಯಿತು, ಮುಂಬ್ರಾ ಹೋಯಿತು, ಕಳವಾ ಹೋಯಿತು. ಠಾಣೆಯಲ್ಲಿ ನಾನು ಇಳಿಯುವಾಗಲೂ ಮಾತಾಡಲಿಲ್ಲ.

ಒಂಬತ್ತನೆಯ ದಿನ ಫೋನು ಬಂತು. "ನೀ ಬರ್ತೀಯಾ?" ಎಂದಷ್ಟೇ ಕೇಳಿದಳು.

ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕಾಗಿಯೇ ಐ.ಸಿ.ಟಿ.ಸಿ. ಎಂಬ ಸಮಾಲೋಚನೆ ಮತ್ತು ಪರೀಕ್ಷೆಯ ಕೋಣೆಗಳಿವೆ. ಹಣವಿಲ್ಲ. ೨೦೧೭ರ ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಸಮಾಲೋಚಕಿಯಾಗಿದ್ದಾಕೆ ನಡುವಯಸ್ಸಿನ ಮರಾಠಿ ಹೆಂಗಸು. ಯಾಕೆ ಬಂದಿರಿ ಎಂದು ಕೇಳಿದಳೇ ಹೊರತು, ಕೇಳಿದ ಮೇಲೆ ಮುಖ ಸಿಂಡರಿಸಲಿಲ್ಲ, ಉಪದೇಶ ಮಾಡಲಿಲ್ಲ. ಫೇಶಿಯಲ್ಲಿನ ಕಥೆ ಕೇಳಿ ದಿನಾಂಕ ಬರೆದುಕೊಂಡಳು. ನಳಿಗೆಯ ಮೇಲೆ ಗೆಳತಿಯ ಕಣ್ಣೆದುರಿಗೇ ಸಂಖ್ಯೆ ಅಂಟಿಸಿ, "ಓದಿ ನೋಡಿರಿ, ಇದು ನಿಮ್ಮದೇ ಸಂಖ್ಯೆಯಷ್ಟೇ?" ಎಂದು ಕೇಳಿದಳು. ಗೆಳತಿ ನನ್ನ ಕಡೆಗೆ ನೋಡಿದಳು. ನಾನು ನೆಲ ನೋಡಿದೆ.

ಕಾಮಾಲೆಯ ಬಿ ಮತ್ತು ಸಿ ಪರೀಕ್ಷೆಗಳನ್ನೂ ಮಾಡಿಸಿದೆವು. ಮೂರರಲ್ಲೂ ದೋಷವಿಲ್ಲ ಎಂದು ಬಂತು. ಆದರೆ ಸೋಂಕು ತಗಲಿದ ಕೂಡಲೆ ಪರೀಕ್ಷೆಗೆ ಸಿಕ್ಕುವುದಿಲ್ಲವಾದ್ದರಿಂದ, ಕೊನೆಯ ಸಲ ಸೂಜಿ ಚುಚ್ಚಿಸಿಕೊಂಡ ದಿನದಿಂದ ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಬರಬೇಕೆಂದು ಆಕೆ ತಿಳಿಸಿದಳು. ಉಳಿದ ಇಬ್ಬರು ಹೆಂಗಸರಿಗೂ ಗೆಳತಿಯೇ ಫೋನು ಮಾಡಿದಳು. ಒಬ್ಬಳು ಹೋಗಿ ಬಂದಿದ್ದಾಳೆ. ಇನ್ನೊಬ್ಬಳು ಫೋನು ಎತ್ತುತ್ತಿಲ್ಲ.

ನಾಲ್ಕನೆಯ ಸೀಟು ನನಗೆ ತಿರುಗಿ ಸಿಕ್ಕಿದೆ. ಗೆಳತಿಯ ಕೆನ್ನೆಯ ಹೊಳಪು ಮೂರು ವಾರದೊಳಗೆ ಇಳಿದು ಹೋಯಿತು. ಅದರ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಮಕ್ಕಳ ಪರೀಕ್ಷೆಯ ಮಾತೋ, ಈರುಳ್ಳಿಯ ಬೆಲೆಯೋ ನಡೆಯುತ್ತದೆ. ಎರಡನೆಯ ಪರೀಕ್ಷೆಗೆ ಮುಂದಿನ ತಿಂಗಳ ಹದಿನೇಳನೆಯ ತಾರೀಖು, ಮಂಗಳವಾರ. ಅರ್ಧ ದಿನದ ರಜೆಗೆ ಅರ್ಜಿ ಬರೆದಿಟ್ಟಿದ್ದೇನೆ. ಕಾರಣವೆಂಬ ಕಡೆಗೆ 'ಗೃಹಕೃತ್ಯ' ಎಂದು ಹಾಕಿದ್ದೇನೆ.